ವಿಮಾನ ರಿಪೇರಿ ಕಲಿಸುವ ಕಟ್ಟಡ ಹೇಗಿರಬೇಕು?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಬಳಿ ಏರ್ ಇಂಡಿಯಾ ಹೊಸ ತರಬೇತಿ ಸಂಸ್ಥೆಯೊಂದನ್ನು ಕಟ್ಟಲು ಹೊರಟಾಗ ಸುದ್ದಿಯಾದದ್ದು ಅದರ ಅಳತೆ: ಸುಮಾರು 86,000 ಚದರ ಅಡಿ. ಪಕ್ಕದಲ್ಲೇ 35 ಎಕರೆಯಲ್ಲಿ ಅದೇ ಕಂಪನಿಯ ದೊಡ್ಡ ನಿರ್ವಹಣಾ ಹ್ಯಾಂಗರ್‌ಗಳ ಯೋಜನೆ. ಅದಕ್ಕೆ ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಕಂಪನಿ ಜೊತೆಗಾರ. ಕೋರ್ಸು ನಾಲ್ಕು ವರ್ಷದ್ದು. ಮೊದಲ ಎರಡು ವರ್ಷ ತರಬೇತಿ ಸಂಸ್ಥೆಯಲ್ಲಿ ಕಲಿಕೆ, ಆಮೇಲಿನ ಎರಡು ವರ್ಷ ಹ್ಯಾಂಗರ್‌ನಲ್ಲಿ ನಿಜವಾದ ವಿಮಾನಗಳ ಮೇಲೆ ಕೆಲಸ. ಹೈದರಾಬಾದಿನಲ್ಲಿ ವಿಮಾನ ನಿರ್ವಹಣಾ ಕಂಪನಿ ಜಿಎಂಆರ್ ಏರೋ ಟೆಕ್ನಿಕ್ ಕೂಡ ಏರ್‌ಬಸ್ ಜೊತೆ ಸೇರಿ ಇದೇ 'ಎರಡು ಮತ್ತು ಎರಡು' ಮಾದರಿಯ ಕೋರ್ಸಿಗೆ ಕೈ ಹಾಕಿದೆ.

ಇದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಘೋಷಿಸಿತು, ಜೂನ್‌ನಲ್ಲಿ ಇಂಡಿಗೊ 500, 2024ರ ಜನವರಿಯಲ್ಲಿ ಆಕಾಸಾ 150. ನಿರ್ವಹಣಾ ಸೇವೆಯ ಮೇಲಿನ ಜಿಎಸ್‌ಟಿ 2020ರಲ್ಲಿ ಶೇ 18ರಿಂದ ಶೇ 5ಕ್ಕೆ ಇಳಿದಿತ್ತು. ಆಮದಾಗುವ ಬಿಡಿಭಾಗಗಳಿಗೂ 2024ರ ಜುಲೈಯಿಂದ ಏಕರೂಪವಾಗಿ ಶೇ 5ರ ತೆರಿಗೆ ಬಂತು. ಹೊರದೇಶಕ್ಕೆ ಹೋಗುತ್ತಿದ್ದ ದುರಸ್ತಿ ಕೆಲಸ ಇಲ್ಲೇ ನಡೆಯಲಿ ಎನ್ನುವುದು ಉದ್ದೇಶ. ವಿಮಾನವನ್ನು ದುಡ್ಡು ಕೊಟ್ಟು ತರಬಹುದು. ಆದರೆ ಅದು ನಾಳೆ ಬೆಳಿಗ್ಗೆ ಹಾರಲು ಯೋಗ್ಯ ಎಂದು ಸಹಿ ಹಾಕುವವರನ್ನು ತಯಾರು ಮಾಡಲು ವರ್ಷಗಳೇ ಬೇಕು.

ನನಗೆ ಹೇಳಬೇಕೆನಿಸುವ ಮಾತು ಒಂದೇ. ಇಂಥ ಸಂಸ್ಥೆಯ ನಕ್ಷೆಯನ್ನು ತರಗತಿ ಕೋಣೆಯಿಂದ ಶುರು ಮಾಡಬಾರದು. ಕಲಿಯುವವರ ಕೈ ಮತ್ತು ಕಣ್ಣಿನಿಂದ ಶುರು ಮಾಡಬೇಕು. ಪಿಯುಸಿ ಮುಗಿಸಿ ಬಂದ ಹುಡುಗ ಅಥವಾ ಹುಡುಗಿ ಸ್ಪ್ಯಾನರ್ ಹಿಡಿದು ನಿಲ್ಲುವ ಜಾಗ ಎಲ್ಲಿದೆ, ಅಲ್ಲಿ ಬೆಳಕು ಹೇಗಿದೆ, ಬೋಲ್ಟು ತರಲು ಎಷ್ಟು ದೂರ ನಡೆಯಬೇಕು, ಬೋಧಕರು ಪ್ರತಿಯೊಬ್ಬರ ಕೈಯನ್ನೂ ನೋಡಬಲ್ಲರೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಉಳಿದ ಕಟ್ಟಡ ಅದರ ಸುತ್ತ ಬೆಳೆಯಲಿ. ನಮ್ಮ ದೇಶದಲ್ಲಿ ಎಷ್ಟೋ ಕಡೆ ಇದು ತಿರುವುಮುರುವಾಗಿದೆ. ಅಂಗಳದಲ್ಲಿ ನಿಲ್ಲಿಸಿದ ಒಂದು ಹಳೆಯ ಸಣ್ಣ ವಿಮಾನ, ಸುತ್ತ ಮೂವತ್ತು ಮಂದಿ, ಮುಂದಿನ ಸಾಲಿನ ನಾಲ್ವರಿಗೆ ಮಾತ್ರ ಕಾಣುವ ಎಂಜಿನ್. ಇಂಥ 'ಪ್ರಾಯೋಗಿಕ ತರಬೇತಿ' ಅಪರೂಪವೇನಲ್ಲ. ಅಲ್ಲಿಂದ ಹೊರಬಂದವರಿಗೆ ಪುಸ್ತಕ ಬಾಯಿಪಾಠ ಬಂದಿರುತ್ತದೆ, ಕೈ ಪಳಗಿರುವುದಿಲ್ಲ.

ನಿಯಮದಲ್ಲಿ ಕೊರತೆಯಿಲ್ಲ. ನಮ್ಮ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಇಂಥ ತರಬೇತಿ ಸಂಸ್ಥೆಗಳಿಗೆ ಹಾಕಿದ ಸಿಎಆರ್-147 ಎಂಬ ನಿಯಮಾವಳಿ ಯುರೋಪಿನ ಪಾರ್ಟ್-147 ನಿಯಮದ ಅಚ್ಚಿನಲ್ಲೇ ರೂಪುಗೊಂಡದ್ದು. ಆ ಅಚ್ಚಿನ ಪ್ರಕಾರ ಜೆಟ್ ಎಂಜಿನ್ನಿನ ವಿಮಾನಗಳ ದುರಸ್ತಿಗೆ ಸಹಿ ಹಾಕುವ ಬಿ1.1 ಲೈಸೆನ್ಸಿನ ಮೂಲ ಕೋರ್ಸು 2,400 ಗಂಟೆಯದು. ಇದರಲ್ಲಿ ಥಿಯರಿ ಶೇ 50ರಿಂದ 60. ಅಂದರೆ ಕನಿಷ್ಠ 960 ಗಂಟೆ ವರ್ಕ್‌ಶಾಪಿನಲ್ಲಿ ಕಳೆಯಬೇಕು. ಥಿಯರಿ ತರಗತಿಯಲ್ಲಿ 28ಕ್ಕಿಂತ ಹೆಚ್ಚು ಮಂದಿ ಕೂರುವಂತಿಲ್ಲ. ಪ್ರಾಯೋಗಿಕದಲ್ಲಿ 15 ಮಂದಿಗೆ ಒಬ್ಬ ಬೋಧಕ ಇರಲೇಬೇಕು.

ಈ ಎರಡು ಸಂಖ್ಯೆಗಳೇ ಕಟ್ಟಡದ ಅಸ್ಥಿಪಂಜರವನ್ನು ನಿರ್ಧರಿಸಿಬಿಡುತ್ತವೆ. ಲೆಕ್ಕಕ್ಕಾಗಿ ವರ್ಷಕ್ಕೆ 140 ಮಂದಿ ಸೇರುತ್ತಾರೆ ಎಂದುಕೊಳ್ಳೋಣ. 28ರ ಐದು ಬ್ಯಾಚು. ಎರಡು ವರ್ಷದವರು ಒಟ್ಟಿಗೆ ಇದ್ದಾಗ ಹತ್ತು ಬ್ಯಾಚು, 280 ಮಂದಿ. ಅರ್ಧ ಹೊತ್ತು ತರಗತಿ, ಅರ್ಧ ಹೊತ್ತು ವರ್ಕ್‌ಶಾಪು ಎಂದು ಹಂಚಿದರೆ ಯಾವುದೇ ಗಳಿಗೆಯಲ್ಲಿ ಐದು ಬ್ಯಾಚು ಕೈಕೆಲಸದಲ್ಲಿರುತ್ತದೆ. ಒಂದೊಂದನ್ನೂ 14ರಂತೆ ಎರಡು ಗುಂಪು ಮಾಡಿದರೆ ಹತ್ತು ಗುಂಪು, ಹತ್ತು ಬೋಧಕರು, ಹತ್ತು ಪ್ರತ್ಯೇಕ ಕೆಲಸದ ಜಾಗ. ಆದರೆ ತರಗತಿ ಕೋಣೆ ಬೇಕಾದದ್ದು ಐದೇ. ಕೈಕೆಲಸದ ಜಾಗಗಳ ಸಂಖ್ಯೆ ತರಗತಿಗಳ ಎರಡರಷ್ಟಿರಬೇಕು ಎಂಬ ಈ ಸರಳ ಅನುಪಾತವನ್ನು ಯಾವ ಹೊಸ ಸಂಸ್ಥೆಯ ನಕ್ಷೆಗಾದರೂ ಹಚ್ಚಿ ನೋಡಬಹುದು. ಕಾರಿಡಾರಿನುದ್ದಕ್ಕೂ ಹವಾನಿಯಂತ್ರಿತ ತರಗತಿಗಳಿದ್ದು ಕೊನೆಯಲ್ಲೊಂದು 'ಲ್ಯಾಬ್' ಇದ್ದರೆ ಆ 960 ಗಂಟೆ ಎಲ್ಲಿ ನಡೆಯುತ್ತದೆ ಎಂದು ಕೇಳಬೇಕು.

ಈಗ ವಿಮಾನದ ಪ್ರಶ್ನೆ. ಏರ್‌ಬಸ್ ಎ320ರ ರೆಕ್ಕೆಯ ತುದಿಯಿಂದ ತುದಿಗೆ 35.8 ಮೀಟರ್, ಉದ್ದ 37.6 ಮೀಟರ್, ಬಾಲದ ಎತ್ತರ ಹನ್ನೆರಡು ಮೀಟರಿಗೆ ತುಸು ಕಡಿಮೆ. ಅದರ ಸುತ್ತ ಮೆಟ್ಟಿಲು ಗಾಡಿ, ಜ್ಯಾಕ್, ಟ್ರಾಲಿ ಓಡಾಡಬೇಕಾದರೆ ನಡುವೆ ಒಂದೂ ಕಂಬವಿಲ್ಲದ 45 ಮೀಟರ್ ಚೌಕದ ಹ್ಯಾಂಗರ್ ಬೇಕಾಗುತ್ತದೆ. ಅದು ಸುಮಾರು 21,800 ಚದರ ಅಡಿ. 86,000 ಚದರ ಅಡಿಯ ಸಂಸ್ಥೆಯಲ್ಲಿ ಒಂದೇ ವಿಮಾನ ಕಾಲು ಭಾಗವನ್ನು ನುಂಗುತ್ತದೆ! ಲೆಕ್ಕ ಹಾಕುವವರು ಇಲ್ಲಿಯೇ ಹಿಂಜರಿಯುವುದು. ಪಕ್ಕದಲ್ಲಿ ದೊಡ್ಡ ಹ್ಯಾಂಗರ್ ಇರುವಾಗ ಇಲ್ಲೇಕೆ ಇನ್ನೊಂದು, ಮೂರನೇ ವರ್ಷದಲ್ಲಿ ಅಲ್ಲಿಗೇ ಹೋಗುತ್ತಾರಲ್ಲ ಎಂಬ ವಾದ ಬರುತ್ತದೆ.

ವಾದದಲ್ಲಿ ಹುರುಳಿದೆ. ಆದರೆ ದುಡಿಯುವ ಹ್ಯಾಂಗರ್‌ನಲ್ಲಿ ತಪ್ಪು ಮಾಡಿ ಕಲಿಯುವ ಅವಕಾಶ ಇರುವುದಿಲ್ಲ. ಅಲ್ಲಿ ಪ್ರತಿ ವಿಮಾನಕ್ಕೂ ಹಿಂತಿರುಗುವ ದಿನ ನಿಗದಿಯಾಗಿರುತ್ತದೆ, ತಡವಾದ ಒಂದೊಂದು ಗಂಟೆಗೂ ವಿಮಾನ ಸಂಸ್ಥೆ ದುಡ್ಡು ಕಳೆದುಕೊಳ್ಳುತ್ತದೆ. ಬಿಚ್ಚಿ, ತಪ್ಪಾಗಿ ಜೋಡಿಸಿ, ಮತ್ತೆ ಬಿಚ್ಚುವ ಸ್ವಾತಂತ್ರ್ಯ ಬೇಕಾದರೆ ಹಾರಾಟ ಮುಗಿಸಿದ ಒಂದು ವಿಮಾನ ಸಂಸ್ಥೆಯ ಒಳಗೇ ಇರಬೇಕು. ಇಡೀ ವಿಮಾನಕ್ಕೆ ಜಾಗವಿಲ್ಲದಿದ್ದರೆ ಮೂತಿಯ ಭಾಗ, ಒಂದು ರೆಕ್ಕೆಯ ಬುಡ, ಲ್ಯಾಂಡಿಂಗ್ ಗೇರ್, ಎಂಜಿನ್ ತೂಗುವ ಪೈಲಾನ್ ಇವುಗಳನ್ನಾದರೂ ನಿಜವಾದ ಎತ್ತರದಲ್ಲಿ ನಿಲ್ಲಿಸಬೇಕು.

ಎತ್ತರ ಯಾಕೆ ಮುಖ್ಯ ಎನ್ನುವುದಕ್ಕೆ ಎರಡು ಘಟನೆ ಹೇಳುತ್ತೇನೆ.

1990ರ ಜೂನ್ 10. ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನ 17,300 ಅಡಿ ಏರಿದಾಗ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹಾರಿಹೋಯಿತು. ಕ್ಯಾಪ್ಟನ್ ದೇಹ ಅರ್ಧ ಹೊರಗೆ ಸೆಳೆಯಲ್ಪಟ್ಟಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಹಾರಾಟಕ್ಕೆ 27 ಗಂಟೆ ಮೊದಲು ಆ ಗಾಜನ್ನು ಬದಲಾಯಿಸಲಾಗಿತ್ತು. 90 ಬೋಲ್ಟುಗಳಲ್ಲಿ 84 ಇರಬೇಕಾದದ್ದಕ್ಕಿಂತ ಸಣ್ಣ ವ್ಯಾಸದವು. ವ್ಯತ್ಯಾಸ 0.66 ಮಿಲಿಮೀಟರ್ ಮಾತ್ರ.

ಗಾಜು ಜೋಡಿಸಿದವರು ಅನುಭವಿ, ರಾತ್ರಿ ಪಾಳಿಯ ಮೇಲ್ವಿಚಾರಕರು. ಬಿಚ್ಚಿದ ಬೋಲ್ಟನ್ನು ಕೈಯಲ್ಲಿ ಹಿಡಿದು ಬಿಡಿಭಾಗಗಳ ದಾಸ್ತಾನಿನಲ್ಲಿ ಕಣ್ಣಳತೆಯಿಂದಲೇ ಜೋಡಿ ಹುಡುಕಿದರು. ಅಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಬೆಳಕೂ ಸಾಲದು. ಆಮೇಲೆ ವಿಮಾನದ ಮೂತಿಯ ಬಳಿ ನಿಲ್ಲಿಸಿದ್ದ ಏರುಮಣೆ ಸರಿಯಾದ ಜಾಗಕ್ಕೆ ನಿಲುಕುತ್ತಿರಲಿಲ್ಲವಾಗಿ ಮೈಚಾಚಿ ಕೆಲಸ ಮಾಡಬೇಕಾಯಿತು. ಬೋಲ್ಟಿನ ತಲೆ ಗುಳಿಯಲ್ಲಿ ಸಡಿಲವಾಗಿ ಕೂತದ್ದು ಅವರ ಕಣ್ಣಿಗೆ ಬೀಳಲಿಲ್ಲ. ತನಿಖಾ ವರದಿ ಇದನ್ನೆಲ್ಲ ವಿವರವಾಗಿ ದಾಖಲಿಸಿದೆ. ಭಾಗದ ಸಂಖ್ಯೆಯನ್ನು ಪುಸ್ತಕದಲ್ಲಿ ನೋಡದೆ ಕಣ್ಣಿಗೆ ನಂಬಿಕೆ ಕೊಟ್ಟದ್ದು ವ್ಯಕ್ತಿಯ ತಪ್ಪು ನಿಜ. ಆದರೆ ಕತ್ತಲೆಯ ದಾಸ್ತಾನು ಮತ್ತು ನಿಲುಕದ ಏರುಮಣೆ, ಎರಡೂ ಜಾಗದ ವಿನ್ಯಾಸದ ತಪ್ಪುಗಳು.

ಎರಡನೆಯದು 2013ರ ಮೇ 24ರದು. ಅದೇ ಸಂಸ್ಥೆಯ ಎ319 ಲಂಡನ್ನಿನ ಹೀಥ್ರೋದಿಂದ ಮೇಲೇರುತ್ತಿದ್ದಂತೆ ಎರಡೂ ಎಂಜಿನ್‌ಗಳ ಹೊರಕವಚದ ಬಾಗಿಲುಗಳು ಕಳಚಿ ಬಿದ್ದವು. ಒಂದು ಎಂಜಿನ್‌ಗೆ ಬೆಂಕಿ ತಗುಲಿತು. ವಿಮಾನ ಸುರಕ್ಷಿತವಾಗಿ ಮರಳಿ ಇಳಿಯಿತು. ಹಿಂದಿನ ರಾತ್ರಿ ಆ ಬಾಗಿಲುಗಳ ಚಿಲಕ ಹಾಕದೆ ಬಿಟ್ಟಿದ್ದರು. ಕೆಲಸ ಮುಗಿಸಲು ಮತ್ತೆ ಬಂದ ತಂತ್ರಜ್ಞರು ಹೋದದ್ದು ಬೇರೆಯೇ ವಿಮಾನದ ಬಳಿಗೆ. ಈ ಚಿಲಕಗಳು ಎಂಜಿನ್ನಿನ ಹೊಟ್ಟೆಯ ಅಡಿಯಲ್ಲಿ, ನೆಲಕ್ಕೆ ತೀರಾ ಹತ್ತಿರದಲ್ಲಿರುತ್ತವೆ. ಮಂಡಿಯೂರಿ, ಬೇಕಾದರೆ ನೆಲದ ಮೇಲೆ ಮಲಗಿ ನೋಡಿದರೆ ಮಾತ್ರ ಚಿಲಕ ಬಿದ್ದಿದೆಯೋ ಇಲ್ಲವೋ ಸ್ಪಷ್ಟವಾಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಅದೇ ಚಿಲಕವನ್ನು ತಿರುಗಿಸಿ ತಿರುಗಿಸಿ ತೋರಿಸಬಹುದು. ಆದರೆ ಬೆಳಗಿನ ಜಾವ ಮೂರು ಗಂಟೆಗೆ, ಮಳೆಯಲ್ಲಿ, ಬಗ್ಗಿ ನೋಡುವ ಸೋಮಾರಿತನವನ್ನು ಮೀರಿಸುವ ಅಭ್ಯಾಸ ಪರದೆಯಿಂದ ಬರುವುದಿಲ್ಲ. ಮೈಗೆ ರೂಢಿಯಾಗಬೇಕಾದದ್ದನ್ನು ಮೈಯಿಂದಲೇ ಕಲಿಸಬೇಕು. ವರ್ಚುವಲ್ ರಿಯಾಲಿಟಿ ಕನ್ನಡಕಗಳಿಗೆ ನಾನು ವಿರೋಧಿಯಲ್ಲ. ಎಂಜಿನ್ ಒಳಗೆ ಗಾಳಿ ಹರಿಯುವ ದಾರಿ, ವಿದ್ಯುತ್ ಜಾಲದ ದೋಷ ಹುಡುಕುವ ತರ್ಕ ಇವನ್ನೆಲ್ಲ ಅವು ಚೆನ್ನಾಗಿ ಕಲಿಸುತ್ತವೆ. ಅವುಗಳನ್ನು ತೋರಿಸಿ ಎಂಜಿನ್ ಸ್ಟ್ಯಾಂಡುಗಳ ಸಂಖ್ಯೆ ಕಡಿಮೆ ಮಾಡುವುದಕ್ಕೆ ಮಾತ್ರ ನನ್ನ ವಿರೋಧ.

ಮೊದಲ ಘಟನೆಯ ಪಾಠ ನೆನೆದರೆ, ಬಿಡಿಭಾಗಗಳ ಸ್ಟೋರು ಸಂಸ್ಥೆಯ ಮೂಲೆಯಲ್ಲಿ ಉಳಿದ ಜಾಗದಲ್ಲಿ ಬರುವಂಥದ್ದಲ್ಲ. ಹತ್ತೂ ಕೆಲಸದ ಜಾಗಗಳಿಗೆ ಸಮಾನ ದೂರದಲ್ಲಿ, ಬೆಳಕು ತುಂಬಿದ ಕೌಂಟರಿನೊಂದಿಗೆ ಅದು ನಡುವೆ ಇರಬೇಕು. ವಿದ್ಯಾರ್ಥಿ ಜಾಬ್ ಕಾರ್ಡ್ ತೋರಿಸಿ, ಕ್ಯಾಟಲಾಗಿನಲ್ಲಿ ಭಾಗದ ಸಂಖ್ಯೆ ನೋಡಿ, ಚೀಟಿ ಬರೆದು ಬೋಲ್ಟು ಪಡೆಯಬೇಕು. ಎರಡು ವರ್ಷ ಹೀಗೇ ನಡೆದರೆ ಕಣ್ಣಳತೆಯಲ್ಲಿ ಬೋಲ್ಟು ಆರಿಸುವುದು ಅವರಿಗೆ ತೋಚುವುದೇ ಇಲ್ಲ. ಸಲಕರಣೆ ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದ್ದೇ ಆಕಾರದ ನೆರಳು ಬಿಡಿಸಿರಬೇಕು. ಸಂಜೆ ಒಂದು ನೆರಳು ಖಾಲಿ ಉಳಿದರೆ ಯಾರೂ ಮನೆಗೆ ಹೋಗುವಂತಿಲ್ಲ. ವಿಮಾನದೊಳಗೆ ಮರೆತ ಒಂದು ಸ್ಕ್ರೂಡ್ರೈವರ್ ನಿಯಂತ್ರಣದ ಕೇಬಲ್ಲಿಗೆ ಸಿಕ್ಕಿಕೊಂಡರೆ ಏನಾಗುತ್ತದೆಂಬ ಭಯ ಮೊದಲ ತಿಂಗಳಿಂದಲೇ ಇರುವುದು ಒಳ್ಳೆಯದು.

ಬೆಳಕಿನ ವಿಷಯದಲ್ಲಿ ನಮ್ಮ ಊರಿನದೇ ಒಂದು ಸೂಕ್ಷ್ಮವಿದೆ. ಕಾರ್ಖಾನೆಗಳ ಚಾವಣಿಯಲ್ಲಿ ಗರಗಸದ ಹಲ್ಲಿನಂತೆ ಉತ್ತರಕ್ಕೆ ಮುಖ ಮಾಡಿದ ಗಾಜಿಡುವುದು ಹಳೆಯ ಪದ್ಧತಿ. ಯುರೋಪಿನಲ್ಲಿ ಇದರಿಂದ ಹಗಲಿಡೀ ನೆರಳಿಲ್ಲದ ತಂಪು ಬೆಳಕು ಸಿಗುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮರೆಯಿಲ್ಲದ ಉತ್ತರದ ಗಾಜು ಮೇ ತಿಂಗಳಲ್ಲಿ ನೇರ ಬಿಸಿಲನ್ನೇ ಒಳಗೆ ಬಿಡುತ್ತದೆ. ಹೊಳೆಯುವ ಅಲ್ಯೂಮಿನಿಯಂ ತಗಡಿನ ಮೇಲೆ ಆ ಬಿಸಿಲು ಬಿದ್ದರೆ ಕೂದಲೆಳೆಯ ಬಿರುಕು ಕಾಣುವುದೇ ಇಲ್ಲ. ಬಿರುಕು ಹುಡುಕುವವರು ಟಾರ್ಚನ್ನು ಮೇಲ್ಮೈಗೆ ಓರೆಯಾಗಿ ಹಿಡಿದು ನೋಡುತ್ತಾರೆ. ಅದನ್ನು ಕಲಿಸಲು ಬೆಳಕನ್ನು ಬೇಕೆಂದಾಗ ತಗ್ಗಿಸಬಹುದಾದ ಮೂಲೆಯೂ ಬೇಕು. ದೊಡ್ಡ ಗಾಜಿನ ಮುಂಭಾಗ ಫೋಟೊದಲ್ಲಿ ಚೆಂದ ಕಾಣುತ್ತದೆ, ತಪಾಸಣೆ ಕಲಿಯುವವರಿಗೆ ಅದರಿಂದ ತೊಂದರೆಯೇ ಹೆಚ್ಚು.

ಇನ್ನು ಯಾವ ಕೆಲಸದ ಪಕ್ಕ ಯಾವ ಕೆಲಸ ಎಂಬುದು. ತಗಡಿನ ಕೆಲಸದಲ್ಲಿ ರಿವೆಟ್ ಗನ್ನಿನ ಸದ್ದು ಕಿವಿ ಹರಿಯುವಂಥದ್ದು. ಅದರ ಗೋಡೆಯಾಚೆ ತರಗತಿ ಇದ್ದರೆ ಪಾಠ ನಿಲ್ಲುತ್ತದೆ, ಅಥವಾ ಇನ್ನೂ ಕೆಟ್ಟದ್ದು, ರಿವೆಟ್ ಹೊಡೆಯುವುದು ನಿಲ್ಲುತ್ತದೆ. ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಕಾಂಪೊಸಿಟ್ (ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ವಸ್ತು) ಇರುವುದರಿಂದ ಅದರ ದುರಸ್ತಿ ಕಲಿಸದೆ ಇರುವಂತಿಲ್ಲ. ಆ ಕೋಣೆಗೆ ತೇವಾಂಶ, ಉಷ್ಣತೆಯ ನಿಯಂತ್ರಣ ಬೇಕು. ರಾಳ ಹೀರಿದ ಬಟ್ಟೆಯನ್ನು ಮೈನಸ್ 18 ಡಿಗ್ರಿಯಲ್ಲಿಡಲು ಫ್ರೀಜರ್ ಬೇಕು, ಉಜ್ಜುವಾಗ ಏಳುವ ಕಾರ್ಬನ್ ದೂಳನ್ನು ಅಲ್ಲಲ್ಲೇ ಎಳೆದುಕೊಳ್ಳುವ ವ್ಯವಸ್ಥೆ ಬೇಕು. ಆ ದೂಳು ವಿದ್ಯುತ್ ಹರಿಸುವಂಥದ್ದು; ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಬೆಂಚಿನ ಬಳಿ ಸುಳಿಯಬಾರದು.

ಇವೆಲ್ಲದರ ನಡುವೆ, ಬೋಲ್ಟು ಸಡಿಲವಾಗದಂತೆ ತಂತಿ ಬಿಗಿಯುವುದನ್ನು ಕಲಿಸುವ ಲಾಕ್ ವೈರ್ ಬೆಂಚು ಸಣ್ಣದಾಗಿ ಕಾಣುತ್ತದೆ, ಆದರೆ ಕೈ ಪಳಗುವುದು ಇಲ್ಲಿಯೇ. ಬೋಲ್ಟಿನ ತಲೆಯ ತೂತಿನಲ್ಲಿ ಸ್ಟೀಲ್ ತಂತಿ ಪೋಣಿಸಿ, ಅಂಗುಲಕ್ಕೆ ಆರರಿಂದ ಎಂಟು ತಿರುವು ಬರುವಂತೆ ಹೊಸೆದು, ಪಕ್ಕದ ಬೋಲ್ಟಿಗೆ ಕಟ್ಟಬೇಕು. ತಂತಿಯ ಎಳೆತ ಸದಾ ಬೋಲ್ಟು ಬಿಗಿಯಾಗುವ ದಿಕ್ಕಿಗೇ ಇರಬೇಕು. ತಿರುವು ಸಡಿಲವಾದರೆ ಕಂಪನಕ್ಕೆ ಸವೆಯುತ್ತದೆ, ಅತಿಯಾದರೆ ತಂತಿ ಪೆಡಸಾಗಿ ತುಂಡಾಗುತ್ತದೆ. ಕೊನೆಯ ತುದಿಯನ್ನು ಒಳಕ್ಕೆ ಬಗ್ಗಿಸದಿದ್ದರೆ ಮುಂದೆ ಅಲ್ಲಿ ಕೈ ಹಾಕಿದವರ ಬೆರಳು ಸೀಳುತ್ತದೆ. ಬೋಧಕರು ಕತ್ತರಿಸಿ ಎಸೆದು 'ಮತ್ತೊಮ್ಮೆ ಮಾಡಿ' ಎನ್ನುತ್ತಾರೆ. ಹತ್ತಾರು ಸಲ ಕತ್ತರಿಸಿದ ಮೇಲೆ ಒಂದು ಉಳಿಯುತ್ತದೆ. 14 ಮಂದಿಗೆ ಬೆಂಚಿನ ಮೇಲೆ ವಸ್ತುವನ್ನು ಬಿಗಿಹಿಡಿಯುವ 14 ಬೈಸ್, ಪ್ರತಿಯೊಬ್ಬರ ಹೆಗಲ ಮೇಲಿಂದ ನೋಡಲು ಬೋಧಕರಿಗೆ ಓಡಾಡುವಷ್ಟು ಅಗಲ: ನಕ್ಷೆಯಲ್ಲಿ ಇಷ್ಟು ಇದ್ದರೆ ಸಾಕು, ಇಲ್ಲದಿದ್ದರೆ 14 ಮಂದಿಯಲ್ಲಿ ನಾಲ್ವರು ಕಲಿತು ಹತ್ತು ಮಂದಿ ನೋಡುತ್ತಾರೆ.

ನೆಲದ ಎಂಜಿನಿಯರಿಂಗ್ ಹೊರಗಿನವರಿಗೆ ಕಾಣದ ಸಂಗತಿ. ಖಾಲಿ ಎ320 ಸುಮಾರು 42 ಟನ್. ಜ್ಯಾಕ್ ಮೇಲೆ ಎತ್ತುವಾಗ ಮೂಗಿನ ಬಳಿ ಒಂದು, ರೆಕ್ಕೆಗಳ ಕೆಳಗೆ ಎರಡು ಬಿಂದುಗಳಲ್ಲಿ ಆ ಭಾರವೆಲ್ಲ ನಿಲ್ಲುತ್ತದೆ. ರೆಕ್ಕೆಯ ಜ್ಯಾಕಿನ ಒಂದೊಂದು ಪಾದದಡಿ ಆರು ಟನ್ ಆಸುಪಾಸಿನ ಭಾರ, ಅಂಗೈ ಎರಡು ಹರಡಿದಷ್ಟು ಜಾಗದಲ್ಲಿ. ಗೋದಾಮಿನ ಲೆಕ್ಕದ ಕಾಂಕ್ರೀಟು ಇದಕ್ಕೆ ಆಗದು. ವಿಮಾನದ ಹೈಡ್ರಾಲಿಕ್ ದ್ರವ ಸ್ಕೈಡ್ರಾಲ್ ಸಾಮಾನ್ಯ ಬಣ್ಣವನ್ನು ಕರಗಿಸಿ ಹಾಕುತ್ತದೆ, ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಆದ್ದರಿಂದ ಅದನ್ನು ತಡೆಯುವ ತಿಳಿಬಣ್ಣದ ಎಪಾಕ್ಸಿ ನೆಲ, ಕೆಲವೇ ಹೆಜ್ಜೆ ದೂರದಲ್ಲಿ ಕಣ್ಣು ತೊಳೆಯುವ ನಳ, ಚರಂಡಿಗೆ ಮುಂಚೆ ಎಣ್ಣೆ ಬೇರ್ಪಡಿಸುವ ತೊಟ್ಟಿ ಬೇಕು. ದೇವನಹಳ್ಳಿಯ ಅಂತರ್ಜಲದ ಪಾಡು ಬಲ್ಲವರು ಈ ತೊಟ್ಟಿಯ ಬಗ್ಗೆ ರಾಜಿ ಮಾಡಿಕೊಳ್ಳಲಾರರು. ವಿಮಾನದ ವಿದ್ಯುತ್ತು ನಮ್ಮ ಬೆಸ್ಕಾಂ ಕೊಡುವ 50 ಹರ್ಟ್ಸ್‌ನದಲ್ಲ, 400 ಹರ್ಟ್ಸ್‌ನದು. ಅದಕ್ಕೆ ಪರಿವರ್ತಕ, ಒತ್ತಿದ ಗಾಳಿಯ ಕೊಳವೆ, 28 ವೋಲ್ಟ್ ಡಿಸಿ ಎಲ್ಲವನ್ನೂ ಚಾವಣಿಯ ಕಡೆಯಿಂದ ಇಳಿಬಿಡುವುದು ಜಾಣತನ. ನೆಲದಲ್ಲಿ ಹೂತರೆ ಹತ್ತು ವರ್ಷದ ಮೇಲೆ ವಿಮಾನದ ಮಾದರಿ ಬದಲಾದಾಗ ನೆಲ ಅಗೆಯಬೇಕಾಗುತ್ತದೆ.

ಬದಲಾಗುವುದು ವಿಮಾನದ ಮಾದರಿ ಮಾತ್ರವಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದಾಗ ಎಷ್ಟು ಎಂಜಿನಿಯರ್‌ಗಳು ಬೀದಿಗೆ ಬಿದ್ದರೆಂದು ಈ ಕ್ಷೇತ್ರದಲ್ಲಿ ಇರುವವರು ಮರೆತಿಲ್ಲ. ಒಂದೇ ಕಂಪನಿಯ ಎರಡು ಮೂರು ಮಾದರಿಗಳಿಗೆ ಮಾತ್ರ ಹೊಂದುವಂತೆ ಕಟ್ಟಿದ ಸಂಸ್ಥೆ ಆ ಕಂಪನಿಗೆ ನೆಗಡಿಯಾದಾಗ ತಾನೂ ಮಲಗುತ್ತದೆ. ಬಿ1.1 ಲೈಸೆನ್ಸಿನ, ಏವಿಯಾನಿಕ್ಸಿಗೆ ಸಂಬಂಧಿಸಿದ ಬಿ2 ಲೈಸೆನ್ಸಿನ ಮೂಲಪಾಠ ಯಾವ ವಿಮಾನಕ್ಕೂ ಒಂದೇ. ಕಟ್ಟಡವೂ ಆ ಮೂಲಪಾಠಕ್ಕೆ ಒಪ್ಪುವಂತಿರಲಿ.

ಅಮೆರಿಕ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿನ ವಿಮಾನಯಾನ ಆಡಳಿತ 2022ರ ಸೆಪ್ಟೆಂಬರಿನಲ್ಲಿ ಜಾರಿಗೆ ತಂದ ಹೊಸ ನಿಯಮದಲ್ಲಿ 1,900 ಗಂಟೆಯ ಹಳೆಯ ಕಡ್ಡಾಯವನ್ನು ತೆಗೆದುಹಾಕಿ, ವಿದ್ಯಾರ್ಥಿ ಏನು ಮಾಡಬಲ್ಲ ಎಂಬ ಮಾನದಂಡವನ್ನು ಇಟ್ಟಿತು. ಅಲ್ಲಿ ಅದು ಸರಿಯಿರಬಹುದು, ಯಾಕೆಂದರೆ ಕೊನೆಯಲ್ಲಿ ಪ್ರತಿಯೊಬ್ಬರೂ ಪರೀಕ್ಷಕರ ಎದುರು ಕೈಕೆಲಸ ಮಾಡಿ ತೋರಿಸಬೇಕು. ನಮ್ಮಲ್ಲಿ ಡಿಜಿಸಿಎಯ ಲೈಸೆನ್ಸ್ ಪರೀಕ್ಷೆಯ ಬಹುಪಾಲು ಶೇ 75 ಅಂಕ ಪಡೆಯಬೇಕಾದ ಬಹು ಆಯ್ಕೆಯ ಪ್ರಶ್ನೆಗಳೇ. ಇಲ್ಲಿ ಗಂಟೆಯ ಲೆಕ್ಕ ಸಡಿಲವಾದರೆ ಮೊದಲು ಮಾಯವಾಗುವುದು ವರ್ಕ್‌ಶಾಪು. ಅಂದಹಾಗೆ ಯುರೋಪಿನ ನಿಯಮ ಪರೀಕ್ಷಾ ಕೋಣೆಯ ಅಳತೆಯನ್ನೂ ಹೇಳುತ್ತದೆ: ಒಬ್ಬರು ಕೂತಲ್ಲಿಂದ ಇನ್ನೊಬ್ಬರ ಕಾಗದವಾಗಲಿ ಪರದೆಯಾಗಲಿ ಓದಲು ಆಗಬಾರದು. ನಕಲು ತಡೆಯುವ ಜವಾಬ್ದಾರಿಯನ್ನು ಮೇಲ್ವಿಚಾರಕರ ಮೇಲಷ್ಟೇ ಹೊರಿಸದೆ ವಾಸ್ತುಶಿಲ್ಪಿಯ ಮೇಲೂ ಹೊರಿಸಿದ್ದು ನನಗೆ ಬಹಳ ಹಿಡಿಸಿತು.

ಕಟ್ಟಡಕ್ಕಿಂತ ಕಷ್ಟದ್ದು ಅದರೊಳಗಿನ ಜನ. 1940ರಲ್ಲಿ ಎಚ್‌ಎಎಲ್ ಶುರುವಾದಾಗಿನಿಂದ ಬೆಂಗಳೂರಿನಲ್ಲಿ ವಿಮಾನ ಬಿಚ್ಚಿ ಜೋಡಿಸುವ ಕೈಗಳಿವೆ. ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜಿದೆ. ನಿವೃತ್ತರಾದ ಅನುಭವಿಗಳಿಗೆ ಈ ಊರಿನಲ್ಲಿ ಬರವಿಲ್ಲ, ಅವರನ್ನು ಬೋಧನೆಗೆ ಕರೆತರುವ ಸಂಬಳ ಮತ್ತು ಗೌರವಕ್ಕೆ ಬರವಿದೆ. ಲೈಸೆನ್ಸ್ ಇರುವ ಎಂಜಿನಿಯರ್ ವಿಮಾನ ಸಂಸ್ಥೆಯಲ್ಲಿ ಪಡೆಯುವುದರ ಅರ್ಧ ಸಂಬಳಕ್ಕೆ ಪಾಠ ಹೇಳಲು ಯಾಕೆ ಬಂದಾರು? ಹತ್ತು ಕೆಲಸದ ಜಾಗ ಕಟ್ಟಿ ನಾಲ್ವರು ಬೋಧಕರನ್ನು ನೇಮಿಸಿದರೆ ಆರು ಜಾಗಕ್ಕೆ ಬೀಗ ಬೀಳುತ್ತದೆ.

ಕಲಿಯಲು ಬರುವವರ ಕಡೆಯಿಂದಲೂ ಯೋಚಿಸಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಪಿಯುಸಿಯವರು, ಡಿಪ್ಲೊಮಾದವರು ಇದಕ್ಕೆ ಅರ್ಹರು. ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬಂದ, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಮೊದಲ ದಿನವೇ ಇಂಗ್ಲಿಷ್ ನಿರ್ವಹಣಾ ಕೈಪಿಡಿಗೆ ಮುಖಾಮುಖಿಯಾಗುತ್ತಾರೆ. ಅದೃಷ್ಟಕ್ಕೆ ಈ ಕೈಪಿಡಿಗಳ ಇಂಗ್ಲಿಷ್ ಬೇಕೆಂದೇ ಸರಳಗೊಳಿಸಿದ್ದು: ಆಯ್ದ ಪದಗಳು, ಚಿಕ್ಕ ವಾಕ್ಯಗಳು. ಮೊದಲ ಕೆಲವು ವಾರ ಅದನ್ನೇ ಓದಿಸಿ, ಕನ್ನಡದಲ್ಲಿ ವಿವರಿಸಿ, ಬೆಂಚಿನ ಮೇಲೆ ಮಾಡಿಸಿದರೆ ಹಿಂಜರಿಕೆ ಬೇಗ ಹೋಗುತ್ತದೆ. ಹುಡುಗಿಯರಿಗೆ ವರ್ಕ್‌ಶಾಪಿನ ಪಕ್ಕದಲ್ಲೇ ಬಟ್ಟೆ ಬದಲಿಸುವ ಕೋಣೆ, ಅವರ ಅಳತೆಯ ಮೇಲುಡುಪು, ಕೈಗವಸು ಇರಬೇಕು. ಇದನ್ನು ಆಮೇಲೆ ನೋಡೋಣ ಎಂದು ಬಿಟ್ಟ ಕಡೆಗಳಲ್ಲಿ ಅದು ಆಗುವುದೇ ಇಲ್ಲ.

ಅಂಗೀಕೃತ ಕೋರ್ಸು ಮುಗಿಸಿದ ಮೇಲೂ ಬಿ1.1 ಲೈಸೆನ್ಸಿಗೆ ಎರಡು ವರ್ಷದ ನಿಜವಾದ ಅನುಭವ ಬೇಕು. ಸ್ವಂತ ಹ್ಯಾಂಗರ್ ಇಲ್ಲದ ಸಂಸ್ಥೆಗಳ ವಿದ್ಯಾರ್ಥಿಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಕೋರ್ಸು ಮುಗಿದಿರುತ್ತದೆ, ಲಕ್ಷಗಟ್ಟಲೆ ಶುಲ್ಕ ಹೋಗಿರುತ್ತದೆ, ಅನುಭವ ಕೊಡುವವರು ಸಿಗುವುದಿಲ್ಲ. ದೇವನಹಳ್ಳಿ ಮತ್ತು ಹೈದರಾಬಾದಿನ ಹೊಸ ಮಾದರಿಗಳ ದೊಡ್ಡ ಬಲ ಇರುವುದು ಕೋರ್ಸಿನೊಳಗೇ ಈ ಎರಡು ವರ್ಷ ಸೇರಿರುವುದರಲ್ಲಿ. ಉಳಿದ ಸಂಸ್ಥೆಗಳಿಗೂ ಅನುಭವದ ಬಾಗಿಲು ತೆರೆಯಬೇಕಾದರೆ ಡಿಜಿಸಿಎ ಒಂದು ಕೆಲಸ ಮಾಡಬಹುದು. ಪ್ರತಿ ಸಿಎಆರ್-147 ಸಂಸ್ಥೆ ತನ್ನಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಬೋಧಕರಿದ್ದಾರೆ, ಕಳೆದ ವರ್ಷ ಒಬ್ಬ ವಿದ್ಯಾರ್ಥಿಗೆ ವರ್ಕ್‌ಶಾಪಿನಲ್ಲಿ ನಿಜಕ್ಕೂ ಎಷ್ಟು ಗಂಟೆ ಸಿಕ್ಕಿತು, ಯಾವ ನಿರ್ವಹಣಾ ಸಂಸ್ಥೆಯೊಂದಿಗೆ ಅನುಭವಕ್ಕಾಗಿ ಲಿಖಿತ ಒಪ್ಪಂದವಿದೆ, ಮುಗಿಸಿದವರಲ್ಲಿ ಎಷ್ಟು ಮಂದಿಗೆ ಲೈಸೆನ್ಸ್ ಬಂತು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸುವಂತೆ ಕಡ್ಡಾಯ ಮಾಡಲಿ. ಪ್ರವೇಶಕ್ಕೆ ಮೊದಲು ಅಪ್ಪ ಅಮ್ಮ ನೋಡಬೇಕಾದ ಪುಟ ಅದೇ. ಅದು ಬರುವವರೆಗೆ, ಸೇರುವ ಮೊದಲು ಖುದ್ದಾಗಿ ಹೋಗಿ ವರ್ಕ್‌ಶಾಪ್ ತೋರಿಸಿ ಎಂದು ಕೇಳಿ, ಅಲ್ಲಿ ಎಷ್ಟು ಬೈಸ್‌ಗಳಿವೆ ಎಂದು ಎಣಿಸಿಕೊಂಡು ಬನ್ನಿ.